ಮೇನ್ ವಾಲ್ವ್ ಕೆಟ್ಟರೆ ದುಡ್ಡು ಯಾರದು?



ಮನೆ ರಿಪೇರಿ ಬಗ್ಗೆ ಹತ್ತು ನಿಮಿಷ ಮಾತಾಡು ಅಂದರು. ಎಂ.ಟೆಕ್ ಓದಿ ಐಟಿಯಲ್ಲಿರೋಳು ನಲ್ಲಿ ವಿಷಯ ತೆಗೆದಳಲ್ಲ ಅಂತ ನಗಬೇಡಿ. ಪೈಪ್ ಒಡೆದಾಗ ಬಕೆಟ್ ಹಿಡಿದು ಮೊದಲು ಓಡೋರು ನಾವೇ ತಾನೆ?

ಹೋದ ವರ್ಷ ಪುಣೆಯ ನಮ್ಮ ಸೊಸೈಟಿಯಲ್ಲಿ ಹೀಗಾಯಿತು. ಅಡುಗೆಮನೆ ಸಿಂಕ್ ಕೆಳಗಿನ ಪೈಪ್ ಬಿಟ್ಟುಕೊಂಡಿತು. ವಾಲ್ವ್ ತಿರುಗಿಸಿದರೆ ಅಲ್ಲಾಡಲೇ ಇಲ್ಲ. ವಾಚ್‌ಮನ್ ಟೆರೇಸಿಗೆ ಓಡಿ ಇಡೀ ಲೈನ್ ಬಂದ್ ಮಾಡಿದ. ಮೇಲಿಂದ ಕೆಳಗಿನವರೆಗೆ ಏಳು ಅಡುಗೆಮನೆಗೆ ಮೂರು ಗಂಟೆ ನೀರಿಲ್ಲ. ಕೆಳಗಿನ ಮನೆ ಅಜ್ಜಿಯ ಸೀಲಿಂಗ್ ನೆನೆದು ಹೋಯಿತು. ವಾಲ್ವ್ ಬದಲಾಯಿಸಿದ್ದಕ್ಕೆ 1,800 ರೂಪಾಯಿ. ಕಮಿಟಿಯವರು "ಫ್ಲಾಟ್ ಒಳಗಿರೋದೆಲ್ಲ ನಿಮ್ಮದೇ" ಅಂದರು. ನಾನು ಬೈಲಾ ಪುಸ್ತಕ ತೆಗೆದೆ.

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ ಸೊಸೈಟಿ ಖರ್ಚಿನ ರಿಪೇರಿಗಳ ಪಟ್ಟಿಯೇ ಇದೆ. ಹೊರಗಿನ ನೀರಿನ ಪೈಪ್, ಪಂಪು, ಟ್ಯಾಂಕು, ಡ್ರೈನೇಜ್, ಹೊರಗಿನ ಕಾಮನ್ ಪೈಪಿನಿಂದಾಗುವ ಸೋರಿಕೆ ಎಲ್ಲ ಅದರಲ್ಲಿವೆ. ಪಟ್ಟಿಯಲ್ಲಿ ಇಲ್ಲದ್ದು ಸದಸ್ಯರ ಖರ್ಚು. ಅದೇ ಪಟ್ಟಿ ಕರೆಂಟಿಗೆ ಚೆನ್ನಾಗಿ ಗೆರೆ ಎಳೆದಿದೆ: ಫ್ಲಾಟಿನ ಮೇನ್ ಸ್ವಿಚ್ ತನಕ ವೈರು ಸೊಸೈಟಿಯದು. ನೀರಿಗೆ ಅಂಥ ಗೆರೆ ಇಲ್ಲ. ವಾಲ್ವ್ ಒಳಗಿನದೋ ಹೊರಗಿನದೋ ಅಂತ ಜಗಳ ಹುಟ್ಟೋದು ಅಲ್ಲೇ. ("ತನಕ" ಅಂದರೆ ಸ್ವಿಚ್ ಸೇರಿಯೋ ಬಿಟ್ಟೋ ಅಂತ ವಕೀಲರು ಬೇಕಾದರೆ ವಾದಿಸಲಿ.)

ನನ್ನ ಅಭಿಪ್ರಾಯ, ಅದು ಸೊಸೈಟಿಯದೇ. ಲೈನ್ ಬಂದ್ ಮಾಡದೆ ಅದನ್ನು ಬದಲಾಯಿಸೋಕಾಗಲ್ಲ. ನನ್ನ ವಾಲ್ವ್ ಜಾಮ್ ಆದರೆ ಕಷ್ಟ ಏಳು ಮನೆಗೂ. ಎಲ್ಲರದ್ದನ್ನೂ ಒಂದೇ ದಿನ ಬದಲಾಯಿಸಿದರೆ ಪ್ಲಂಬರ್ ಕೂಲಿಯೂ ಉಳಿಯುತ್ತೆ, ಲೈನ್ ಬಂದ್ ಮಾಡೋದೂ ಒಂದೇ ಸಲ. ಆದರೆ ರಿನೋವೇಶನ್ ಅಂತ ವಾಲ್ವನ್ನು ಟೈಲ್ಸ್ ಹಿಂದೆ ಮುಚ್ಚಿಸಿದವರು ಸೊಸೈಟಿಯ ದುಡ್ಡು ಕೇಳಬಾರದು.

ಕಮಿಟಿ ಒಪ್ಪಲಿಲ್ಲ. ನಾನು ಬರೆದುಕೊಟ್ಟು ವಾರ್ಷಿಕ ಸಭೆಗೆ ತಂದೆ. ಅಲ್ಲಿ ನನ್ನ ಪರ ಮೊದಲು ಎದ್ದು ನಿಂತವರು ಆ ಅಜ್ಜಿ. ವಾಲ್ವ್ ಸೇರಿ ಅಲ್ಲಿಯವರೆಗಿನದು ಸೊಸೈಟಿಯದು, ಅದರಾಚೆಯದು ಮನೆಯವರದು ಅಂತ ಠರಾವು ಆಯಿತು. ನನ್ನ 1,800 ಮಾತ್ರ ವಾಪಸ್ ಬರಲಿಲ್ಲ, ಹಳೇ ಲೆಕ್ಕವಂತೆ!

ಬಾಡಿಗೆಗಿರೋ ಹುಡುಗಿಯರೂ ಇಲ್ಲಿದ್ದೀರಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ನಲ್ಲಿ, ವಾಷರ್ ಬದಲಾಯಿಸೋದು ಬಾಡಿಗೆದಾರರ ಕೆಲಸ, ಪೈಪ್ ಬದಲಾಯಿಸೋದು ಮಾಲೀಕರ ಕೆಲಸ ಅನ್ನುತ್ತೆ. ಅದು ಮಾದರಿ ಅಷ್ಟೇ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಹಾಗಾಗಿ ಅಗ್ರಿಮೆಂಟಿಗೆ ಸಹಿ ಹಾಕೋ ಮುಂಚೆ "ಮೇನ್ ವಾಲ್ವ್ ರಿಪೇರಿ ಮಾಲೀಕರದು" ಅಂತ ಒಂದು ಸಾಲು ಬರೆಸಿ. ಮನೆ ನೋಡೋಕೆ ಹೋದಾಗಲೇ ಅದನ್ನು ತಿರುಗಿಸಿ ನೋಡಿ.

ಇನ್ನು ವಾಲ್ವ್ ಯಾಕೆ ಹಿಡಿದುಕೊಳ್ಳುತ್ತೆ? ದುಂಡು ಚಕ್ರದ ಗೇಟ್ ವಾಲ್ವ್ ವರ್ಷಗಟ್ಟಲೆ ತೆರೆದೇ ಇರುತ್ತೆ, ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಕಟ್ಟಿಕೊಳ್ಳುತ್ತೆ. ಬಲವಂತ ಮಾಡಿದರೆ ಒಳಗಿನ ಕಡ್ಡಿ ಮುರಿಯುತ್ತೆ, ಸುತ್ತಿಗೆ ಹಿಡಿಯಬೇಡಿ. ಹೊಸದು ಹಾಕಿಸುವಾಗ ಉದ್ದ ಹಿಡಿಯ ಬಾಲ್ ವಾಲ್ವ್ ಕೇಳಿ, ಕಾಲು ಸುತ್ತಿಗೆ ಬಂದ್. ಎರಡು ಮೂರು ತಿಂಗಳಿಗೊಮ್ಮೆ ಮುಚ್ಚಿ ತೆಗೆಯಿರಿ. ನಮ್ಮ ಕಟ್ಟಡಗಳಲ್ಲಿ ಅಡುಗೆಮನೆಗೊಂದು, ಬಾತ್‌ರೂಮಿಗೊಂದು ಬೇರೆ ಬೇರೆ ಇರುತ್ತವೆ. ಯಾವುದು ಯಾವುದಕ್ಕೆ ಅಂತ ಚೀಟಿ ಅಂಟಿಸಿ, ಮನೆಗೆಲಸಕ್ಕೆ ಬರೋ ಬಾಯಿಗೂ ತೋರಿಸಿಡಿ.

ನಿಮ್ಮ ಸೊಸೈಟಿಗಳಲ್ಲಿ ಏನು ಪದ್ಧತಿ ಇದೆ? ಚಹಾ ಹೊತ್ತಿಗೆ ಹೇಳಿ, ಕೇಳ್ತೀನಿ.