ಹಾಡಿನೊಡನೆ ಒಂದು ಮಾತು

ದೊಡ್ಡಬಳ್ಳಾಪುರದ ಮಗ್ಗಗಳ ನೆರೆಯ ಬಾಶೆಟ್ಟಿಹಳ್ಳಿಯಲ್ಲಿ, ಕಾರ್ಖಾನೆಯ ಪಾಳಿ ಮುಗಿಸಿದವರು ಮೊಬೈಲಿನಲ್ಲಿ ಪರಸ್ಪರ ಹಾಡುಗಳನ್ನು ಕಳುಹಿಸಿಕೊಳ್ಳುವುದುಂಟು. ಆದರೆ ಹಾಡಿದವರಾರು, ರಚಿಸಿದವರಾರು, ಮನವನ್ನು ಸೆಳೆದ ಎಡೆ ಯಾವುದೆಂಬ ಒಂದು ಮಾತೂ ಜೊತೆಗೆ ಬಾರದಿರಲಾಗಿ, ಪೂರ್ತಿ ಕೇಳದೆಯೇ ಮುಂದಕ್ಕೆ ಸಾಗಿಸುವ ಅಭ್ಯಾಸವೇ ಬೆಳೆಯುತ್ತಿದೆ. ಇದಕ್ಕೆ ವ್ಯತಿರಿಕ್ತವಾಗಿ, 1905ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಯನ ಸಮಾಜದ ವಾರ್ಷಿಕ ಸಮ್ಮೇಳನದಲ್ಲಿ, ಸಂಜೆಯ ಕಚೇರಿಗಳಲ್ಲದೆ ಬೆಳಗಿನ ವಿದ್ವದ್ಗೋಷ್ಠಿಗಳೂ ಜರುಗುತ್ತವೆ. ರಾಗಲಕ್ಷಣವನ್ನು ಪ್ರತಿಪಾದಿಸುವವರು ಅದನ್ನು ಹಾಡಿ ತೋರಿಸಬೇಕಾದ ಅಂತಹ ಸಭೆಯಲ್ಲಿ ‘ಬಹಳ ಚೆನ್ನಾಗಿದೆ’ ಎಂಬಷ್ಟೇ ಮೆಚ್ಚುಗೆ ಸಲ್ಲದು. ಎಲ್ಲರಿಗೂ ಅಷ್ಟು ಶಾಸ್ತ್ರ ಬೇಕೆಂದು ನಾನು ಹೇಳೆನು (ನನಗೂ ಅಷ್ಟು ತಾಳ್ಮೆಯಿಲ್ಲ!). ಆದರೂ ಭಜನೆಯಾಗಲಿ, ಚಿತ್ರಗೀತೆಯಾಗಲಿ, ಮೆಚ್ಚಿದ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಒಬ್ಬ ಮಿತ್ರರಿಗೆ ಕಳುಹಿಸಿ, ಅವರಿಗೇನು ತೋರಿತೆಂದು ಇಂದೇ ವಿಚಾರಿಸಬಹುದು. ಅವರು ಒಪ್ಪದಿದ್ದರಂತೂ ಸಂಭಾಷಣೆಗೆ ಇನ್ನೂ ಸೊಗಸು.