ನನ್ನ ತಮ್ಮ ಹೊಟ್ಟೆಬಾಕ ಅಲ್ಲ: ಪ್ರೇಡರ್-ವಿಲ್ಲಿ ಸಿಂಡ್ರೋಮ್ ಅಂದ್ರೇನು?

ಇವತ್ತು ಪ್ರೇಡರ್-ವಿಲ್ಲಿ ಸಿಂಡ್ರೋಮ್ ಬಗ್ಗೆ ಮಾತಾಡ್ತೀನಿ. ನೀವು ಹೆಸರು ಕೇಳಿರಲಿಕ್ಕಿಲ್ಲ. ನನ್ನ ತಮ್ಮನಿಗೆ ಇದೆ, ಹಾಗಾಗಿ ನನಗೆ ಗೊತ್ತು.

1956ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಪ್ರೇಡರ್, ಲ್ಯಾಬ್‌ಹಾರ್ಟ್, ವಿಲ್ಲಿ ಅನ್ನೋ ವೈದ್ಯರು ಇದನ್ನು ವಿವರಿಸಿದರು. (ನಡುವಿನವರ ಹೆಸರು ಪಾಪ, ಬಳಕೆಯಲ್ಲಿ ಬಿಟ್ಟೇ ಹೋಯ್ತು.) ನಮ್ಮ 15ನೇ ಕ್ರೋಮೋಸೋಮ್‌ನ ಒಂದು ಪುಟ್ಟ ಭಾಗದಲ್ಲಿ ಕೆಲವು ಜೀನ್‌ಗಳಿವೆ. ಅವು ಅಪ್ಪನಿಂದ ಬಂದ ಪ್ರತಿಯಲ್ಲಿ ಮಾತ್ರ ಕೆಲಸ ಮಾಡ್ತವೆ, ಅಮ್ಮನ ಪ್ರತಿಯಲ್ಲಿ ಸುಮ್ಮನಿರ್ತವೆ. ಅಪ್ಪನ ಕಡೆಯದು ಇಲ್ಲವಾದರೆ ಈ ಸಮಸ್ಯೆ. ಬಹುತೇಕ ಮಕ್ಕಳಲ್ಲಿ ಇದು ಆಕಸ್ಮಿಕ, ವಂಶದಿಂದ ಬಂದದ್ದಲ್ಲ. ಬಸುರಿ ಇದ್ದಾಗ ಗ್ರಹಣ ನೋಡಿದ್ಯಾ, ಏನು ತಿಂದೆ ಅಂತ ನಮ್ಮಮ್ಮ ಎಷ್ಟು ಜನರಿಂದ ಕೇಳಿಸಿಕೊಂಡಿದ್ದಾರೋ! ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ವಿಚಿತ್ರ ಅಂದ್ರೆ, ಶುರುವಾಗೋದು ಉಲ್ಟಾ. ಹುಟ್ಟಿದಾಗ ಮಗುವಿನ ಮೈ ಮೆತ್ತಗೆ, ಹಾಲು ಚೀಪೋಕೂ ಶಕ್ತಿ ಇರಲ್ಲ. ಕೂರೋದು, ನಡೆಯೋದು, ಮಾತು ಎಲ್ಲ ತಡ. ಕೆಲವು ವರ್ಷ ಕಳೆದ ಮೇಲೆ ಹಸಿವು ಬರುತ್ತೆ, ಮತ್ತೆ ಹೋಗೋದೇ ಇಲ್ಲ. ಮೆದುಳಿನ ಹೈಪೋಥಾಲಮಸ್‌ನಲ್ಲಿ 'ಹೊಟ್ಟೆ ತುಂಬ್ತು' ಅನ್ನೋ ಸೂಚನೆ ಸರಿಯಾಗಿ ಮುಟ್ಟಲ್ಲ. ಅದರ ಮೇಲೆ, ಈ ಮಕ್ಕಳಿಗೆ ಬೇಕಾದ ಕ್ಯಾಲೊರಿ ಬೇರೆಯವರಿಗಿಂತ ಕಡಿಮೆ. ವಾಂತಿ ಅಪರೂಪ, ನೋವು ಬೇಗ ಗೊತ್ತಾಗಲ್ಲ. ಒಮ್ಮೆಗೇ ವಿಪರೀತ ತಿಂದರೆ ಜೀವಕ್ಕೇ ಅಪಾಯ.

ಅದಕ್ಕೇ ನಮ್ಮ ಫ್ರಿಜ್‌ಗೆ ಬೀಗ ಇದೆ. "ಮಗು ಹೊಟ್ಟೆಗೆ ಬೀಗ ಹಾಕಿದ್ದೀರಲ್ರೀ" ಅಂದವರೂ ಇದ್ದಾರೆ. ಆದರೆ ಬೀಗ ಬಿದ್ದ ಮೇಲೆ ಅವನೇ ನಿರಾಳ ಆದ. ಸಿಗಬಹುದೇನೋ ಅನ್ನೋ ಆಸೆ ಇದ್ದಾಗಲೇ ಒದ್ದಾಟ. 'ಆಮೇಲೆ ಕೊಡ್ತೀನಿ' ಅಂದ್ರೆ ಗಲಾಟೆ. 'ನಾಲ್ಕೂವರೆಗೆ ಒಂದು ಸೇಬು' ಅಂದ್ರೆ ಗಡಿಯಾರ ನೋಡ್ಕೊಂಡು ಕೂರ್ತಾನೆ.

ಕಷ್ಟ ಇರೋದು ಮದುವೆ ಮನೆಯಲ್ಲಿ. ಬಲವಂತ ಮಾಡಿ ಬಡಿಸೋದೇ ನಮ್ಮಲ್ಲಿ ಪ್ರೀತಿ. ಬೇಡ ಅಂದ ಅಕ್ಕನೇ ಅಲ್ಲಿ ಕೆಟ್ಟವಳು.

ಪತ್ತೆಗೆ ರಕ್ತದ ಜೆನೆಟಿಕ್ ಟೆಸ್ಟ್ ಇದೆ. ಗ್ರೋತ್ ಹಾರ್ಮೋನ್ ಇಂಜೆಕ್ಷನ್‌ನಿಂದ ಎತ್ತರ, ಸ್ನಾಯು ಸುಧಾರಿಸುತ್ತೆ. 2025ರಲ್ಲಿ ಅಮೆರಿಕದಲ್ಲಿ ಈ ಹಸಿವಿಗೇ ಅಂತ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿತು. ಪೂರ್ತಿ ವಾಸಿ ಮಾಡೋ ಮದ್ದು ಇನ್ನೂ ಇಲ್ಲ.

ಅಂದಹಾಗೆ, ಇಂಥ ಮಕ್ಕಳಲ್ಲಿ ಅನೇಕರು ಜಿಗ್‌ಸಾ ಪಜಲ್‌ನಲ್ಲಿ ಪಂಟರು. ಗೊತ್ತಿರೋ ಮನೆಗೆ ಹೋಗೋದಿದ್ರೆ ಸ್ವೀಟ್ ಬಾಕ್ಸ್ ಬದಲು ಅದನ್ನು ಒಯ್ಯಿರಿ. ನಮ್ಮನೆಗಾದ್ರೆ 500 ತುಂಡಿನದೇ ಇರಲಿ, 100ರದ್ದು ಅವನಿಗೆ ಬೋರ್.