ಧರ್ಮಜಾಗೃತಿಯ ಶೇಷಫಲ



ಚಿಂತಾಮಣಿಯ ಬಳಿಯ ಕೈವಾರದಲ್ಲಿ ನಾರಾಯಣ ತಾತಯ್ಯನವರ ತತ್ತ್ವಪದಗಳನ್ನು ಕೇಳಿದವರಿಗೆ, ಭಕ್ತಿಯು ಜನರ ಕಂಠಕ್ಕೆ ಇಳಿಯುವ ಬಗೆಯನ್ನು ನಾವು ವಿವರಿಸಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಇಂತಹುದೇ ಒಂದು ಜಾಗೃತಿಯುಂಟಾಯಿತು. 1739ರಲ್ಲಿ ವೈಟ್‌ಫೀಲ್ಡ್ ಮತ್ತು ಜಾನ್ ವೆಸ್ಲಿ ಎಂಬ ಉಪದೇಶಕರು ಚರ್ಚಿನ ಗೋಡೆಗಳನ್ನು ಬಿಟ್ಟು, ಬ್ರಿಸ್ಟಲ್ ನಗರದ ಸಮೀಪದ ಗಣಿಕೆಲಸಗಾರರಿಗೆ ಬಯಲಿನಲ್ಲಿ ಬೋಧಿಸಿದರು. ಜಾನರ ತಮ್ಮ ಚಾರ್ಲ್ಸರು ಸಾವಿರಾರು ಕೀರ್ತನೆಗಳನ್ನು ರಚಿಸಿದರು.

ಆ ಉತ್ಸಾಹದ ಕಾವಿನಲ್ಲಿಯೇ 1795ರಲ್ಲಿ ಲಂಡನ್ ಮಿಷನರಿ ಸೊಸೈಟಿ ಹುಟ್ಟಿತು. ಅದರ ಪಾದ್ರಿ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸುವ ಕಾರ್ಯವನ್ನು ಕೈಕೊಂಡರು. 1820ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೊಸೈಟಿಯ ಕೆಲಸವು ಮುಂದೆ ಚಿಕ್ಕಬಳ್ಳಾಪುರಕ್ಕೂ ಹಬ್ಬಿತು. ಅಲ್ಲಿ ಅದು ಕಟ್ಟಿದ ಮಿಷನ್ ಆಸ್ಪತ್ರೆಯು, 1947ರಲ್ಲಿ ದಕ್ಷಿಣ ಭಾರತ ಸಭೆ ಏರ್ಪಟ್ಟ ಮೇಲೆ, ಸಿ. ಎಸ್. ಐ. ಆಸ್ಪತ್ರೆಯೆನಿಸಿತು.

ಇಂತಹ ಜಾಗೃತಿಯ ಪರಿಣಾಮವನ್ನು ಅಳೆಯುವವರು ಸಾಮಾನ್ಯವಾಗಿ ಮತಾಂತರ ಹೊಂದಿದವರ ಸಂಖ್ಯೆಯನ್ನು ನೋಡುತ್ತಾರೆ. ನಮ್ಮ ದೇವರುಗಳನ್ನು ಹಳಿದ ಪಾದ್ರಿಗಳೂ ಇದ್ದರು. ಆ ನೋವನ್ನು ಮರೆಮಾಡುವುದು ಇತಿಹಾಸಕ್ಕೆ ಸಲ್ಲದು. ಆದರೆ ಇನ್ನೊಂದು ಲೆಕ್ಕವೂ ಉಂಟು.

ಇದೇ ಸೊಸೈಟಿಯ ಪಾದ್ರಿ ಬೆಂಜಮಿನ್ ರೈಸರಿಗೆ 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಮಗನೇ ಬಿ. ಎಲ್. ರೈಸ್. ಅವರು ತಂದೆಯ ವೃತ್ತಿಯನ್ನು ಹಿಡಿಯದೆ, ಮೈಸೂರು ಸರ್ಕಾರದ ಸೇವೆಯಲ್ಲಿದ್ದು ಶಾಸನಗಳ ಬೆನ್ನು ಹತ್ತಿದರು. 1905ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳು ತಾಲ್ಲೂಕುವಾರಾಗಿ ಅಚ್ಚಾದುವು. ದೇವಾಲಯಕ್ಕೆ ಬಿಟ್ಟ ದತ್ತಿ, ಕೆರೆ ಕಟ್ಟಿಸಿದವರ ಪುಣ್ಯ, ಕಾಳಗದಲ್ಲಿ ಮಡಿದ ವೀರನ ಹೆಸರು, ಇವೆಲ್ಲವೂ ಮಳೆಬಿಸಿಲುಗಳ ಕೈಯಿಂದ ಪಾರಾಗಿ ಕಾಗದದ ಮೇಲೆ ನಿಂತುವು.

ಗಣಿಕೆಲಸಗಾರರೆದುರು ಎದ್ದ ಆ ಧ್ವನಿಯ ಸಂತತಿಯಲ್ಲಿ, ನಂದಿಯ ಶಿವಾಲಯದ ಕಲ್ಲಕ್ಷರಗಳನ್ನು ಕಾಯುವವನೊಬ್ಬನು ಹುಟ್ಟುವನೆಂದು ಯಾರು ತಾನೆ ಎಣಿಸಿದ್ದರು? 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. ಅದರ ಚರಿತ್ರೆಯನ್ನು ಬರೆಯಹೊರಟವರು ಪಾದ್ರಿಯ ಮಗನ ಆ ಸಂಪುಟವನ್ನು ತೆರೆಯದೆ ಮುಂದುವರಿಯಲಾರರು.

ಧರ್ಮಜಾಗೃತಿಯ ಜ್ವಾಲೆ ಕೆಲಕಾಲದ್ದು. ಅದು ತನ್ನವರಲ್ಲಿ ಎಷ್ಟು ಆವೇಶವನ್ನು ತುಂಬಿತೆಂಬುದಕ್ಕಿಂತ, ತನ್ನ ಹೊರಗಿದ್ದವರಿಗೆ ಏನನ್ನು ಉಳಿಸಿಹೋಯಿತೆಂಬುದೇ ಅದರ ನಿಜವಾದ ಬೆಲೆ. ಈ ಒರೆಗಲ್ಲು ಕ್ರೈಸ್ತರ ಜಾಗೃತಿಗೆ ಮಾತ್ರವಲ್ಲ, ನಮ್ಮೆಲ್ಲರ ಧರ್ಮಗಳಿಗೂ ಸಲ್ಲತಕ್ಕುದೆಂದು ನಾವು ನಂಬಿದ್ದೇವೆ.